ಹಳ್ಳದಮ್ಮನಿಗೆ ಉಪಚಾರ ಕೇಳಿದ ರೈಟರ್ ತಿಮ್ಮಪ್ಪ

ರೈಟರ್ ತಿಮ್ಮಪ್ಪನ ಬಗ್ಗೆ ಒಳ್ಳೆಯದು ಬರೆಯುವುದು ನನಗೆ ಕಷ್ಟ. ಅವನು ಊರಿಗೆಲ್ಲ ಬೇಕಾದವನು, ನನ್ನ ಹೊಟ್ಟೆಕಿಚ್ಚಿಗೆ ಅದೇ ಮೊದಲ ಕಾರಣ. ವಸ್ತಾರೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಬರೆಯುತ್ತಾನೆ. ಹಣ್ಣು ಕೊಯ್ಯುವ ಆಳುಗಳನ್ನು 'ತಿಂಡಿ ಆಯ್ತಾ?' ಎಂದು ವಿಚಾರಿಸಿದ ಮೇಲೇ ಹೆಸರು ಕೂಗುವುದು. ದಾರಿಯಲ್ಲಿ ಸಿಕ್ಕ ನಾಯಿಯನ್ನೂ ಕೇಳುತ್ತಾನೆ, ಬೇಕಾದರೆ ನೋಡಿ.

ಭಾನುವಾರ ಮಧ್ಯಾಹ್ನ ಮೂಡಿಗೆರೆಯ ನನ್ನ ಹಾರ್ಡ್‌ವೇರ್ ಅಂಗಡಿಗೆ ಬಾಗಿಲು ಹಾಕಿ ನಾವು ಮೂವರು ಒಂದು ಆಟ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ವೇಷ ವಹಿಸಿಕೊಂಡು, ದಾಳ ಉರುಳಿಸುತ್ತ, ಬಾಯಲ್ಲೇ ಕಥೆ ಕಟ್ಟುವ ಆಟ. ಕಥೆ ನಡೆಸುವವಳು ನನ್ನ ಹೆಂಡತಿ ಭುವನಾ. ಕಥೆಯಲ್ಲಿ ಯಾವ ಗಣ, ಅಂದರೆ ಭೂತವೋ ದೈವವೋ, ಬಂದರೂ ಅದರ ಮಾತು ಅವಳದೇ. ನಾನು ಮಂತ್ರವಾದಿ, ತಿಮ್ಮಪ್ಪ ಪಾತ್ರಿ. ಮಂತ್ರವಾದಿ ಗಣವನ್ನು ಕಟ್ಟಿಹಾಕಿ ದುಡಿಸುತ್ತಾನೆ, ಒಲ್ಲೆ ಅನ್ನುವ ಮಾತೇ ಅದಕ್ಕಿಲ್ಲ. ಪಾತ್ರಿ ಎಡೆಯಿಟ್ಟು ಕೇಳಿಕೊಳ್ಳುತ್ತಾನೆ, ಮನಸ್ಸಿದ್ದರೆ ಅದು ಅವನ ಮೈಮೇಲೆ ಬರುತ್ತದೆ. ನನ್ನದೇ ಗಟ್ಟಿ ವಿದ್ಯೆ ಎಂದು ನಂಬಿದ್ದೆ.

ಹಳ್ಳದಮ್ಮ ಎಂಬ ನೀರಿನ ಗಣವನ್ನು ನಾಲ್ಕು ತಿಂಗಳಿಂದ ತಾಮ್ರದ ತಂಬಿಗೆಯಲ್ಲಿ ಕಟ್ಟಿಟ್ಟಿದ್ದೆ. ಮೊನ್ನೆಯ ಆಟದಲ್ಲಿ ತುಂಬಿದ ಹೊಳೆ ಅಡ್ಡ ಬಂತು. 'ಲೇ, ನೀರು ಇಳಿಸೇ' ಎಂದೆ. ಇಳಿಸಿದಳು. ಆಗ ತಿಮ್ಮಪ್ಪ ಕೈಮುಗಿದು, 'ಸುಸ್ತಾಯ್ತಾ ಅಮ್ಮಾ? ನೀವು ಏನಾದ್ರೂ ತಗೊಂಡ್ರಾ?' ಅಂದ.

ಭುವನಾ ದಾಳ ಕೆಳಗಿಟ್ಟಳು. 'ಇಷ್ಟು ದಿನಕ್ಕೆ ಒಬ್ರಾದ್ರೂ ಕೇಳಿದ್ರಲ್ಲ' ಅಂದಳು. ಹಳ್ಳದಮ್ಮನಿಗೆಂದು ಅವಳು ಒಂದು ಗಡಸು ದನಿ ಮಾಡುತ್ತಿದ್ದಳು. ಇದು ಆ ದನಿಯಲ್ಲ.

ನನಗೆ ಮೈಯೆಲ್ಲ ಉರಿಯಿತು. 'ನಾನು ಕಟ್ಟಿರೋ ಗಣ ಮಾರಾಯ, ನಿಂಗ್ಯಾಕೆ ಉಪಚಾರ?' ಎಂದು ತಿಮ್ಮಪ್ಪನ ಮೇಲೆ ಹರಿಹಾಯ್ದೆ.

'ಸುಮ್ನೆ ಕೇಳ್ದೆ ಅಣ್ಣ' ಅಂದ. ಆ ಪಾಪದ ಮುಖ ಕಂಡರೇ ನನಗಾಗದು.

'ರೀ, ಒಂದು ಕೆಲ್ಸ ಮಾಡಿ' ಎಂದಳು ಭುವನಾ. 'ತಂಬಿಗೆ ಮುಚ್ಚಳ ತೆಗೀರಿ. ಆಮೇಲೆ ಇಬ್ರೂ ಕರೀರಿ. ಅವಳಿಗೆ ಇಷ್ಟ ಬಂದ ಕಡೆ ಬರ್ತಾಳೆ.'

ಇಬ್ಬರೂ ನನ್ನನ್ನೇ ನೋಡುತ್ತ ಕೂತರು. ಹನ್ನೆರಡು ವರ್ಷದ ಸಂಸಾರದಲ್ಲಿ ಭುವನಾಳನ್ನು ಒಮ್ಮೆಯಾದರೂ ಊಟ ಆಯ್ತಾ ಎಂದು ಕೇಳಿದ್ದು ನೆನಪಿಗೆ ಬರುತ್ತದೇನೋ ಎಂದು ಹುಡುಕಿದೆ. ಬರಲಿಲ್ಲ.

'ಮುಚ್ಚಳ ತೆಗೆಯಲ್ಲ' ಎಂದೆ.

ತೆಗೆದರೆ ಅವಳು ನನ್ನ ಕಡೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.