ತಿಪ್ಪೆಗೆ ಹೋದ ಟೊಮೇಟೊ ಎಲೆ

ಟೊಮೇಟೊ ಬೀಜಕ್ಕೆಂದು ನಮ್ಮ ಕಡೆಯ ಹೆಂಗಸರು ಅಂಗಡಿಗೆ ಹೋಗದಿದ್ದ ಕಾಲ. ತೊಂಬತ್ತರ ದಶಕದ ಶುರು, ನನಗೆ ಒಂಬತ್ತು ವರ್ಷ. ಹಣ್ಣನ್ನು ಬೂದಿಯಲ್ಲಿ ಕಿವುಚಿ, ಬಿಲ್ಲೆ ಮಾಡಿ ಅಡುಗೆಮನೆ ಗೋಡೆಗೆ ತಟ್ಟಿದರೆ ಮುಂದಿನ ವರ್ಷದ ಬೀಜ ತಯಾರು. ನೀವೂ ನೋಡಿರುತ್ತೀರಿ. ಪಾಲಹಳ್ಳಿಯ ನಮ್ಮ ಗೋಡೆಯಲ್ಲಿದ್ದದ್ದು ಅವ್ವನ ತವರು ಅಕ್ಕಿಹೆಬ್ಬಾಳಿನ ಬೀಜ. ಹುಳಿ ಅಂದರೆ ಹುಳಿ. ಅವ್ವ ತವರಿಂದ ತಂದದ್ದರಲ್ಲಿ ಅಪ್ಪನ ತಾಯಿ, ನಮ್ಮಜ್ಜಿ, ಅಲ್ಲಿಯವರೆಗೆ ಕೊಂಕು ತೆಗೆಯದೆ ಬಿಟ್ಟದ್ದು ಅದೊಂದನ್ನೇ.

ಆ ಸಲ ಆಷಾಢದ ಸೋನೆ ಬಿಡಲೇ ಇಲ್ಲ. ಬಚ್ಚಲ ಹಿಂದಿನ ಗಿಡಗಳ ಕೆಳಗಿನ ಎಲೆಗಳಿಗೆ ಕಂದು ಚುಕ್ಕೆ ಬಿತ್ತು. ಚುಕ್ಕೆಯೊಳಗೆ ಬಳೆ ಬಳೆಯಂಥ ಗೆರೆ.

"ನಿಮ್ಮಪ್ಪನ ಮನೆ ಗಿಡಕ್ಕೆ ಕಜ್ಜಿ ಹತ್ಕಂಡದೆ ನೋಡಮ್ಮಿ," ಅಂದಳು ಅಜ್ಜಿ.

"ಮಳೆಗೆ ಬೂಷ್ಟು ಹಿಡ್ದದೆ ಕಣತ್ತೆ. ನಿಮ್ ಮಗಂಗೂ ನೆಗಡಿ ಆಯ್ತದಲ್ಲ, ಅಂಗೆ."

ಅವ್ವ ಗಿಡಗಳಿಗೆ ಕೋಲು ಕೊಟ್ಟು ಕಟ್ಟಿದಳು. ಮಣ್ಣು ಸಿಡಿಯದಂತೆ ಬುಡಕ್ಕೆ ಕಬ್ಬಿನ ತರಗು ಹಾಸಿದಳು. ಚುಕ್ಕೆ ಬಿದ್ದ ಎಲೆಗಳನ್ನೆಲ್ಲ ಕಿತ್ತು ಮೊರಕ್ಕೆ ತುಂಬಿ ನನ್ನ ಕೈಗಿಟ್ಟಳು.

"ತಿಪ್ಪೆಗೆ ಹಾಕ್ಬೇಡ ಕಣೆ. ಗೊಬ್ಬರದ ಜೊತೆ ರೋಗ ವಾಪಸ್ ಬತ್ತದೆ. ನೀರೊಲೆಗೆ ತುರ್ಕು."

ಹಸಿ ಎಲೆ ಬರೀ ಹೊಗೆ, ಕಣ್ಣುರಿ. ಬೀದಿಯಲ್ಲಿ ಕುಂಟೆಬಿಲ್ಲೆಗೆ ಕೂಗುತ್ತಿದ್ದರು. ತಿಪ್ಪೆ ನಾಲ್ಕು ಹೆಜ್ಜೆ. ಸುರಿದು, ಮೇಲೊಂದು ಬುಟ್ಟಿ ಸಗಣಿ ಮುಚ್ಚಿ ಓಡಿದೆ.

"ಸುಟ್ಯಾ?"

"ಊಂ ಕಣವ್ವ."

ಮಳೆಗಾಲವೆಲ್ಲ ಹೀಗೇ ನಡೆಯಿತು. ಗಿಡ ಚೇತರಿಸಿಕೊಂಡು ಹಣ್ಣೂ ಬಿಟ್ಟಿತು.

ಮುಂದಿನ ವರ್ಷ ಅವ್ವ ಅದೇ ತಿಪ್ಪೆಯ ಗೊಬ್ಬರ ಹಾಕಿ ಸಸಿ ನೆಟ್ಟಳು. ಹೂವಿಗೆ ಮುಂಚೆಯೇ ಚುಕ್ಕೆ. ಮೈಲುತುತ್ತ, ಸುಣ್ಣ ಬೆರೆಸಿ ಎರಚಿದಳು, ತಡವಾಗಿತ್ತು. ಕಾಯಿಗಳು ತೊಟ್ಟಿನ ಹತ್ತಿರ ಕಪ್ಪಾಗಿ ಉದುರಿದವು.

"ಓದೊರ್ಸ ಎಲೆ ಎಲ್ಲ ಸುಟ್ಟಿದ್ಯಲ್ವೇನೆ?"

"ಸುಟ್ಟಿದ್ದೆ."

ಅವ್ವ ಉದುರಿದ ಕಾಯೊಂದನ್ನು ಎತ್ತಿ ತಿರುಗಿಸಿ ನೋಡಿದಳು. "ಅಂಗಾರೆ ಬೀಜದಲ್ಲೇ ಅದೆ ರೋಗ."

"ಈಗ್ಲಾದ್ರೂ ಒಪ್ಕಂಡಲ್ಲ," ಅಂದಳು ಅಜ್ಜಿ.

ಗೋಡೆಯಲ್ಲಿ ಉಳಿದಿದ್ದ ಬಿಲ್ಲೆಗಳನ್ನು ಅವ್ವ ಕುಡುಗೋಲಿನಲ್ಲಿ ಕೆರೆದು ಒಲೆಗೆ ಹಾಕಿದಳು. ನಾನು ಮುದ್ದೆ ನುಂಗುತ್ತ ನೋಡುತ್ತಿದ್ದೆ. ಬಾಯಿ ಬಿಟ್ಟಿದ್ದರೆ ಎರಡೇಟು ಬೀಳುತ್ತಿತ್ತು, ಅಷ್ಟೆ. ಬಿಡಲಿಲ್ಲ.

ಹೋದ ವರ್ಷ ಅಕ್ಕಿಹೆಬ್ಬಾಳಿಗೆ ಹೋದಾಗ ಸೋದರಮಾವನನ್ನು ಆ ಬೀಜ ಕೇಳಿದೆ. ಅವರ ಹಿತ್ತಲಲ್ಲೂ ಈಗ ಪ್ಯಾಕೆಟ್ ಬೀಜದ ಗಿಡ.

"ನಮ್ದು ಯಾವಾಗ್ಲೋ ಓಯ್ತು ಕಣವ್ವ," ಅಂದರು. "ನಿಮ್ಮವ್ವನ ತಾವ ಅದೆಯಲ್ಲ ಅಂತ ನಾವು ಸುಮ್ನಿದ್ದೊ."