ತೆಗೆದುಹಾಕಿದ ಉಂಗುರಗಳು

ಫ್ರಿಜ್ಜಿನ ಮೇಲಿನ ಅರೆಯಲ್ಲಿ ಮಂಜು ಗಟ್ಟಿಯಾದರೆ ನೀವು ಚಮಚ ಹಿಡಿದು ಕೆರೆಯುತ್ತೀರಿ. ನಾನು ಮಾತ್ರ ಈ ವಯಸ್ಸಿನಲ್ಲೂ ಬಾಗಿಲು ಮುಚ್ಚಿಬಿಡುತ್ತೇನೆ.

ತೊಂಬತ್ತರ ದಶಕದ ಮಾತು. ಬೆಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನೆಗೆ ಸೇರಿದ್ದೆ. ತಿಂಗಳುಗಟ್ಟಲೆ ಕಾದು ಬೆಳೆಸಿದ ಪ್ರೋಟೀನಿನ ಒಂದೇ ಒಂದು ಹರಳು, ಸಾಸಿವೆಗಿಂತ ಸಣ್ಣದು. ಅದನ್ನು ಎತ್ತಿ ಥಟ್ಟನೆ ಕೊರೆಯುವ ಗಾಳಿಗೆ ಒಡ್ಡಿ, ಎಕ್ಸ್-ರೇ ಹಾಯಿಸಬೇಕು. ಎತ್ತುವುದರಲ್ಲಿ ನಾನು ತಡಮಾಡಿದೆ. ಮಳೆಗಾಲದ ತೇವವೆಲ್ಲ ಅದರ ಮೇಲೆ ಐಸಾಗಿ ಕೂತಿತು. ಚಿತ್ರದಲ್ಲಿ ಹರಳಿನ ಚುಕ್ಕಿಗಳ ನಡುವೆ ಐಸಿನ ಕಪ್ಪು ವೃತ್ತಗಳು ಮೂಡಿದವು. ಲ್ಯಾಬಿನ ಮಾತಿನಲ್ಲಿ ಅವು ‘ಉಂಗುರ’. ಯಂತ್ರ ಕೈಕೊಟ್ಟಿತು ಎಂದು ಸಂಶೋಧನೆಯ ಗೈಡಿಗೆ ಸುಳ್ಳು ಹೇಳಿದೆ. ಲೆಕ್ಕ ಮಾಡುವಾಗ ಉಂಗುರಗಳ ಜೊತೆ ಅಕ್ಕಪಕ್ಕದ ಒಳ್ಳೆಯ ಚುಕ್ಕಿಗಳನ್ನೂ ಅಗಲವಾಗಿ ಕತ್ತರಿಸಿ ಎಸೆದೆ. ಉಳಿದದ್ದು ಪ್ರೋಟೀನಿನ ರಚನೆ ಬಿಡಿಸಲು ಸಾಲದು. ಸೋಮವಾರ ಗೈಡಿಗೆ ಹಾಗೇ ತೋರಿಸಿದರೆ ಅಷ್ಟು ದಿನದ ಕೆಲಸ ಹಾಳಾದಂತೆಯೇ.

ಭಾನುವಾರ ಬೇತಮಂಗಲದ ಚಿಕ್ಕಮ್ಮನ ಮನೆಯಲ್ಲಿದ್ದೆ. ಹಸುವಿಗೆ ಬೂಸಾ ತರಲು ಹೊರಟ ಅವಳ ಜೊತೆ ಹತ್ತಿರದ ರಾಬರ್ಟ್‌ಸನ್‌ಪೇಟೆಗೆ ಹೋದೆ. ಮೊದಲೇ ತಿಳಿಸಿ ಬೈಗುಳ ಮುಗಿಸಿಕೊಳ್ಳೋಣವೆಂದು ಎಸ್‌ಟಿಡಿ ಬೂತಿನಿಂದ ಗೈಡಿಗೆ ಫೋನು ಮಾಡಿದೆ. ಲೈನು ಗರಗರ ಎನ್ನುತ್ತಿತ್ತು. “ಸಾರ್, ಉಂಗುರ ಎಲ್ಲಾ ತೆಗೆದುಹಾಕ್ಬಿಟ್ಟೆ!” ಎಂದು ಕಿರುಚಿದೆ. ಲೈನು ಕಟ್ಟಾಯಿತು.

ಹೊರಗೆ ಬಂದದ್ದೇ ತಡ, ಚಿಕ್ಕಮ್ಮ ನನ್ನ ಕೈ ಹಿಡಿದೆಳೆದಳು. ನನ್ನ ನಿಶ್ಚಿತಾರ್ಥವಾಗಿ ಇನ್ನೂ ತಿಂಗಳಾಗಿರಲಿಲ್ಲ.

“ಯಾರೇ ಅವ್ನು ಸಾರು? ಉಂಗ್ರದ್ ಸುದ್ದಿ ಅವ್ನಿಗ್ಯಾಕೆ?” ಎಂದವಳು ಬೆರಳು ನೋಡಿ, “ಇಲ್ಲೇ ಐತಲ್ಲೇ!” ಎಂದು ಉಸಿರು ಬಿಟ್ಟಳು.

ನಗು ಬಂತು, ಹಿಂದೆಯೇ ಅಳುವೂ ಬಂತು. ಎಲ್ಲವನ್ನೂ ಹೇಳಿಕೊಂಡೆ.

“ಐಸು ತೆಗ್ದೆ, ಸರಿ. ಒಳ್ಳೇವು ಏನ್ ಮಾಡಿದ್ವು? ಅವುನ್ಯಾಕೆ ಬಿಸಾಕ್ದೆ?”

“ನನ್ನ ತಪ್ಪು ಸಾರಿಗೆ ಕಾಣ್ಬಾರ್ದು ಅಂತ.” ಹೇಳಿದ ಮೇಲೇ ನನಗೂ ಅದು ಗೊತ್ತಾದದ್ದು.

“ಓಗು, ಇನ್ನೊಂದ್ ಕಿತಾ ಫೋನ್ ಮಾಡು.”

ಮಾಡಿದೆ. “ಸಾರ್, ಐಸು ಬಂದದ್ದು ನನ್ನ ಕೈಯಿಂದ.”

“ಮೊದಲನೇ ಚಿತ್ರ ನಾನೂ ತೆಗೆದು ನೋಡಿದ್ದೆ, ಆಗಲೇ ಗೊತ್ತಾಯ್ತಮ್ಮ. ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ. ಮೂಲ ಚಿತ್ರ ಇದ್ದೇ ಇದೆ, ಅದರಲ್ಲಿ ಉಂಗುರ ಇರೋ ಕಡೆ ಮಾತ್ರ ಸಣ್ಣಗೆ ಕತ್ತರಿಸು. ಉಳಿದ ಚುಕ್ಕಿಗಳನ್ನ ಒಟ್ಟಿಗೆ ಕೂತು ನೋಡೋಣ.”

ಹಾಗೆ ನೋಡಿದ್ದರಿಂದ ಆ ಹರಳಿನ ಕೆಲಸ ಉಳಿಯಿತು.

ಈಗ ನಾನೇ ಗೈಡು. ವಾರದಿಂದ ನನ್ನ ವಿದ್ಯಾರ್ಥಿನಿಯೊಬ್ಬಳು ಏನನ್ನೋ ಮುಚ್ಚಿಡುತ್ತಿದ್ದಾಳೆ; ಬಾಗಿಲವರೆಗೆ ಬಂದು ಹಿಂತಿರುಗುತ್ತಾಳೆ. ಅವಳ ಚಿತ್ರವನ್ನು ನಾನೂ ನೋಡಿದ್ದೇನೆ. ಕರೆದು ಕೇಳಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಕುರ್ಚಿಯಿಂದ ಏಳುತ್ತೇನೆ, ಮತ್ತೆ ಕೂರುತ್ತೇನೆ. ಎದೆ ಹೊಡೆದುಕೊಳ್ಳುವುದು ಹೇಳಬೇಕಾದವರಿಗಷ್ಟೇ ಎಂದು ಇಷ್ಟು ವರ್ಷ ನಂಬಿದ್ದೆ.