ಸಿಡುಬಿನ ಮನೆಯೊಳಗೆ ಗಂಗಮ್ಮ

ಬಾಗಿಲು ತೆರೆದಿದ್ದರೂ ನೂಲಲು ಬಂದಿದ್ದ ಹೆಂಗಸರು ಯಾರೂ ಒಳಗೆ ಬರಲಿಲ್ಲ. ಯಗಟಿ ಸೀಮೆಯ ಆ ಊರಾಚೆ, ಸಿಡುಬಿನವರನ್ನು ಇಡುತ್ತಿದ್ದ ಹಳೇ ಕಟ್ಟಡವದು. ರೋಗ ತೊಲಗಿದ ಮೇಲೆ ಸರ್ಕಾರದ ದುಡ್ಡಿನಲ್ಲಿ ರಿಪೇರಿ ಮಾಡಿಸಿ ಉಣ್ಣೆ ನೂಲುವ ಕೇಂದ್ರ ಮಾಡಿದ್ದರು. ಕೇಂದ್ರ ನೋಡಿಕೊಳ್ಳಲು ನಾನು ಕಡೂರಿನಿಂದ ಬಂದಿದ್ದೆ.

ಕೊನೆಗೆ ಗಂಗಮ್ಮ ಎಂಬ ನಡುವಯಸ್ಸಿನ ಹೆಂಗಸೊಬ್ಬರೇ ಒಳಬಂದು, ಹೊಸದಾಗಿ ಸುಣ್ಣ ಬಳಿದ ಮೂಲೆಯ ಗೋಡೆಯನ್ನು ಸವರಿ ಅಲ್ಲೇ ಕೂತರು.

"ಅಲ್ಲಿ ಕತ್ತಲೆ, ಕಿಟಕಿ ಹತ್ರ ಬನ್ನಿ ಗಂಗಮ್ಮ" ಎಂದೆ.

"ಬ್ಯಾಡ ಕಣವ್ವ. ನನ್ ಮಗಳು ಇಲ್ಲೇ ಪ್ರಾಣ ಬಿಟ್ಲು. ಆ ಕಿಟಕಿಲಿ ನಿಂತು ನೋಡ್ದೆ, ಒಳೀಕ್ ಬಿಡ್ಲಿಲ್ಲ. ಈಗ ಬಿಟ್ಟವ್ರೆ."

ಮರುದಿನದಿಂದ ಉಳಿದವರೂ ಬಂದರು. ಗಂಗಮ್ಮ ಒಳ್ಳೆಯ ನೂಲುಗಾರ್ತಿ. ಆದರೂ ಆ ಮೂಲೆಯಲ್ಲಿ ಅವರ ಎಳೆ ಮತ್ತೆ ಮತ್ತೆ ತುಂಡಾಗುತ್ತಿತ್ತು. ತುಂಡಾದಾಗಲೆಲ್ಲ ಅವರು ಗೋಡೆಯನ್ನೊಮ್ಮೆ ಸವರಿ, ಮತ್ತೆ ಎಳೆ ಜೋಡಿಸುತ್ತಿದ್ದರು.